ಲ್ಯಾಮಿಂಗ್ಟನ್ ರಸ್ತೆಯ ಎರಡನೇ ಮಹಡಿ: ಬ್ರಿಡ್ಜ್ ಮಾಡಿ ಸುಟ್ಟ ಆಂಪ್ಲಿಫೈಯರ್ ಒಂದರ ದುರಸ್ತಿ

ಗ್ರಾಂಟ್ ರೋಡ್ ನಿಲ್ದಾಣದ ಪೂರ್ವಕ್ಕೆ ಇಳಿದು ಸ್ವಲ್ಪ ನಡೆದರೆ ಸಿಗುವ ರಸ್ತೆಗೆ ಡಾ. ದಾದಾಸಾಹೇಬ ಭಡಕಮಕರ ಮಾರ್ಗ ಎಂಬ ಹೆಸರಿದ್ದರೂ ಮುಂಬಯಿಯ ಜನರ ಬಾಯಲ್ಲಿ ಅದು ಇಂದಿಗೂ ಲ್ಯಾಮಿಂಗ್ಟನ್ ರಸ್ತೆಯೇ. ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಹೆಸರಾದ ಈ ರಸ್ತೆಯ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ, ಕುಂದಾಪುರ ಕಡೆಯ ಹಿರಿಯರೊಬ್ಬರು ಒಬ್ಬ ಸಹಾಯಕನನ್ನು ಇಟ್ಟುಕೊಂಡು ಆಡಿಯೋ ಆಂಪ್ಲಿಫೈಯರ್‌ಗಳನ್ನು ದುರಸ್ತಿ ಮಾಡುತ್ತಾರೆ. ತಿಂಗಳಿಗೆ ಹತ್ತೋ ಹನ್ನೆರಡೋ ಯಂತ್ರಗಳಿಗಿಂತ ಹೆಚ್ಚು ಕೈಗೆತ್ತಿಕೊಳ್ಳಲು ತಮ್ಮಿಂದ ಆಗುವುದಿಲ್ಲವೆಂದು, ಅಂಗಡಿಯ ಹೆಸರನ್ನು ಬರೆಯಬೇಡಿರೆಂದು ಅವರು ಕೇಳಿಕೊಂಡಿರುವುದರಿಂದ ಇಲ್ಲಿ ಅವರನ್ನು ಯಜಮಾನರು ಎಂದೇ ಕರೆಯುತ್ತೇನೆ. ಮುಂಬಯಿಯ ಕನ್ನಡ ನಾಟಕ ತಂಡಗಳಲ್ಲಿ, ಯಕ್ಷಗಾನ ಮಂಡಳಿಗಳಲ್ಲಿ ಧ್ವನಿವರ್ಧಕದ ಹೊಣೆ ಹೊತ್ತವರನ್ನು ವಿಚಾರಿಸಿದರೆ ವಿಳಾಸ ಸಿಗುವುದು ಕಷ್ಟವಲ್ಲ. ಅವರ ಕೆಲಸದ ಬಗ್ಗೆ ಇಷ್ಟು ವಿವರವಾಗಿ ಬರೆಯಲು ಕಾರಣವಾದದ್ದು ಅಲ್ಲಿನ ಒಂದೇ ಒಂದು ನಿಯಮ: ಆಂಪ್ಲಿಫೈಯರ್‌ನೊಂದಿಗೆ ಅದಕ್ಕೆ ಜೋಡಿಸುವ ಸ್ಪೀಕರ್ ಬಾಕ್ಸ್‌ಗಳನ್ನೂ, ಅವೆರಡರ ನಡುವಿನ ತಂತಿಯನ್ನೂ ತರದಿದ್ದರೆ ಅವರು ಯಂತ್ರದ ಮುಚ್ಚಳ ಬಿಚ್ಚುವುದಿಲ್ಲ.

ಈ ನಿಯಮ ನನಗೆ ತಿಳಿದಿರಲಿಲ್ಲ. ಡೊಂಬಿವಲಿಯಿಂದ ಲೋಕಲ್ ರೈಲಿನ ಸಾಮಾನು ಡಬ್ಬಿಯಲ್ಲಿ ಹದಿನೆಂಟು ಕಿಲೋ ತೂಕದ ಆಂಪ್ಲಿಫೈಯರನ್ನು ಹೊತ್ತು, ದಾದರಿನಲ್ಲಿ ಮಾರ್ಗ ಬದಲಿಸಿ, ಲಿಫ್ಟ್ ಇಲ್ಲದ ಆ ಕಟ್ಟಡದ ಎರಡು ಮಹಡಿ ಹತ್ತಿ ನಿಂತಾಗ, ಯಜಮಾನರು ಯಂತ್ರದತ್ತ ಒಮ್ಮೆ ನೋಡಿ, "ಬಾಕ್ಸ್ ಎಲ್ಲಿ ಮಾರಾಯ್ರೆ? ಬಾಕ್ಸ್ ತಾರದೆ ಇದನ್ನು ಮಾತ್ರ ತಂದರೆ ನಾನು ನೋಡುವುದು ಏನನ್ನು?" ಎಂದು ಕೇಳಿದರು. ಆ ಕ್ಷಣದಲ್ಲಿ ಬೇಸರವಾದದ್ದು ನಿಜ. ಆದರೆ ಅದಕ್ಕೆ ಮೊದಲು ಇದೇ ಯಂತ್ರವನ್ನು ಮನೆಯ ಹತ್ತಿರದ ಒಂದು ಅಂಗಡಿಯಲ್ಲಿ ಎರಡು ಬಾರಿ ದುರಸ್ತಿ ಮಾಡಿಸಿದ್ದೆವು. ಎರಡೂ ಬಾರಿ ಅಲ್ಲಿ ಯಾರೂ ಈ ಪ್ರಶ್ನೆಯನ್ನು ಕೇಳಿರಲಿಲ್ಲ. ಎರಡೂ ಬಾರಿ ಯಂತ್ರ ತಿಂಗಳೊಳಗೆ ಮತ್ತೆ ಕೆಟ್ಟಿತ್ತು.

ನಮ್ಮದು ಹವ್ಯಾಸಿ ಯಕ್ಷಗಾನ ತಂಡ. ಭಾಗವತರ ಧ್ವನಿ, ಚೆಂಡೆ, ಮದ್ದಳೆ, ಪಾತ್ರಧಾರಿಗಳ ಮಾತು ಇಷ್ಟನ್ನೂ ಇನ್ನೂರು ಮುನ್ನೂರು ಮಂದಿಗೆ ಕೇಳಿಸಲು ಹದಿನೈದು ಇಂಚಿನ ಎರಡು ಬಾಕ್ಸ್‌ಗಳು, ಎರಡು ಚಾನಲ್‌ಗಳ ಒಂದು ಆಂಪ್ಲಿಫೈಯರ್ ಇವೆ. ಆಂಪ್ಲಿಫೈಯರ್‌ನ ಹಿಂಬದಿಯ ಫಲಕದಲ್ಲಿ ಪ್ರತಿ ಚಾನಲ್‌ಗೆ 8 ಓಮ್‌ನಲ್ಲಿ 200 ವಾಟ್ ಎಂದೂ, ಕನಿಷ್ಠ ಲೋಡ್ (ಜೋಡಿಸಿದ ಸ್ಪೀಕರ್‌ಗಳ ಒಟ್ಟು ಓಮ್) ಸ್ಟೀರಿಯೋದಲ್ಲಿ 4 ಓಮ್, ಬ್ರಿಡ್ಜ್‌ನಲ್ಲಿ (ಎರಡೂ ಚಾನಲ್‌ಗಳು ಸೇರಿ ಒಂದೇ ಲೋಡನ್ನು ಓಡಿಸುವಾಗ) 8 ಓಮ್ ಎಂದೂ ಸ್ಪಷ್ಟವಾಗಿ ಅಚ್ಚಾಗಿದೆ. ಕಳೆದ ವರ್ಷ ಬಯಲಿನಲ್ಲಿ ಆಟವಾಡಬೇಕಾಗಿ ಬಂದಾಗ, ಧ್ವನಿ ಸಾಲದೆಂಬ ಭಯದಿಂದ, ಬ್ರಿಡ್ಜ್ ಮಾಡಿದರೆ ನಾಲ್ಕು ಪಟ್ಟು ಶಕ್ತಿ ಬರುತ್ತದೆಂಬ ಮಾತನ್ನು ನಂಬಿ, ಎರಡೂ ಬಾಕ್ಸ್‌ಗಳನ್ನು ಪ್ಯಾರಲಲ್ ಆಗಿ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್, ಕೂಡಿಸಿ ಬ್ರಿಡ್ಜ್ ಔಟ್‌ಪುಟ್‌ಗೆ ಜೋಡಿಸಿದವರು ನಾವೇ. ಸಂಜೆಯ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿತ್ತು, ಪೂರ್ವರಂಗವೂ ಸರಿಯಾಗಿ ಸಾಗಿತು. ಮಹಿಷಾಸುರನ ಪ್ರವೇಶಕ್ಕೆ ಚೆಂಡೆ ಏರಿದ ಕೂಡಲೇ ಕೆಂಪು ದೀಪ ಹೊತ್ತಿ, ಅಪಾಯ ಕಂಡಾಗ ಸ್ಪೀಕರಿನ ಸಂಪರ್ಕ ಕಡಿಯುವ ರಿಲೇ ಟಕ್ಕೆಂದು ಬಿಟ್ಟು, ಧ್ವನಿ ಪೂರ್ತಿ ನಿಂತುಹೋಯಿತು. ಮೂರು ನಾಲ್ಕು ಸೆಕೆಂಡಿನ ನಂತರ ತಾನಾಗಿಯೇ ಬಂತು, ಮತ್ತೆ ಚೆಂಡೆ ಏರಿದಾಗ ಮತ್ತೆ ನಿಂತಿತು. ಹೀಗೆ ಏಳೆಂಟು ಬಾರಿ ಆದ ಮೇಲೆ ಒಂದು ಚಾನಲ್ ಶಾಶ್ವತವಾಗಿ ಮೌನವಾಯಿತು. ಮುಂಬಯಿಯಲ್ಲಿ ಬಯಲಿನ ಧ್ವನಿವರ್ಧಕವನ್ನು ರಾತ್ರಿ ಹತ್ತಕ್ಕೆ ನಿಲ್ಲಿಸಬೇಕಾದ್ದರಿಂದ ನಮ್ಮ ಆಟಗಳು ಮೊದಲೇ ಕಿರಿದಾಗಿರುತ್ತವೆ. ಅಂದು ಅದರಲ್ಲಿಯೂ ಇಪ್ಪತ್ತು ನಿಮಿಷ ಕೈತಪ್ಪಿತು, ವೇಷ ಕಟ್ಟಿ ನಿಂತ ಕಲಾವಿದರ ಮುಖ ನೋಡುವುದು ನನಗೆ ಬಹಳ ಕಷ್ಟವಾಗಿತ್ತು.

ಎರಡನೆಯ ಬಾರಿ ಟೆಂಪೋ ಮಾಡಿಕೊಂಡು, ಬಾಕ್ಸ್‌ಗಳು ಮತ್ತು ತಂತಿಯ ಸುರುಳಿಯೊಂದಿಗೆ ಹೋದೆ. ಯಜಮಾನರು ಆಂಪ್ಲಿಫೈಯರನ್ನು ಮುಟ್ಟುವ ಮೊದಲು ಮಲ್ಟಿಮೀಟರಿನ ಕಡ್ಡಿಗಳನ್ನು ಒಂದೊಂದೇ ಬಾಕ್ಸ್‌ನ ಟರ್ಮಿನಲ್‌ಗೆ ಇಟ್ಟರು. ಮೊದಲನೆಯದು 5.9 ಓಮ್ ತೋರಿಸಿತು, ಎರಡನೆಯದು 3.3. ಬಾಕ್ಸ್‌ಗಳೆರಡರ ಮೇಲೂ 8 ಓಮ್ ಎಂದೇ ಬರೆದಿದೆ. ಸ್ಪೀಕರಿನೊಳಗಿನ ಧ್ವನಿಸುರುಳಿಯ ನೇರ (ಡಿಸಿ) ರೋಧ ಯಾವಾಗಲೂ ಫಲಕದ ಮೇಲಿನ ಸಂಖ್ಯೆಗಿಂತ ಕಡಿಮೆಯಿರುತ್ತದೆಂದೂ, 8 ಓಮ್‌ನ ಡ್ರೈವರ್ (ಬಾಕ್ಸ್‌ನೊಳಗಿನ ಸ್ಪೀಕರ್) ಮೀಟರಿನಲ್ಲಿ ಐದೂವರೆಯಿಂದ ಆರೂವರೆಯ ತನಕ, 4 ಓಮ್‌ನದು ಮೂರೂಕಾಲು ಮೂರೂವರೆಯ ಆಸುಪಾಸು ತೋರಿಸುವುದು ಸಹಜವೆಂದೂ ಹೇಳಿ, ಎರಡನೆಯ ಬಾಕ್ಸ್‌ನ ಜಾಲರಿ ತೆಗೆದು ತೋರಿಸಿದರು. ಹಿಂದೊಮ್ಮೆ ಕೋನ್ ಹರಿದಾಗ ಬದಲಿಸಿದ್ದ ಡ್ರೈವರ್ 4 ಓಮ್‌ನದಾಗಿತ್ತು. ಬಾಕ್ಸ್‌ನ ಹೊರಗಿನ ಬರಹ ಮಾತ್ರ ಹಳೆಯದು. ಎರಡು ದುರಸ್ತಿಗಳಲ್ಲಿ ಸಾವಿರಾರು ರೂಪಾಯಿ ನುಂಗಿದ ತೊಂದರೆಯ ಅರ್ಧ ಭಾಗ ಎರಡು ನಿಮಿಷದಲ್ಲಿ, ಆಂಪ್ಲಿಫೈಯರ್ ಬಿಚ್ಚದೆಯೇ ಕಣ್ಣೆದುರಿಗೆ ಬಂತು.

ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಸಿಗ್ನಲ್ ಜನರೇಟರನ್ನು ಒಂದು ರೆಸಿಸ್ಟರಿನ ಮೂಲಕ ಬಾಕ್ಸ್‌ಗೆ ಜೋಡಿಸಿ, ಆವರ್ತನವನ್ನು ಮೆಲ್ಲನೆ ಏರಿಸುತ್ತ, ಎಲ್ಲಿ ಎಷ್ಟು ಇಂಪೀಡೆನ್ಸ್ (ಆವರ್ತನದೊಂದಿಗೆ ಬದಲಾಗುವ ರೋಧ) ಇದೆಯೆಂದು ಒಂದು ಹಾಳೆಯಲ್ಲಿ ಬರೆದುಕೊಂಡರು. ಒಳ್ಳೆಯ ಬಾಕ್ಸ್ ಕೆಳಸ್ವರದ ಒಂದೆಡೆ ಮೂವತ್ತು ಓಮ್ ದಾಟಿ ಏರಿ, 200 ಹರ್ಟ್ಜ್ ಸುಮಾರಿಗೆ 6.6 ಓಮ್‌ಗೆ ಇಳಿಯಿತು. ಇನ್ನೊಂದು ಅಲ್ಲಿಯೇ 3.5ಕ್ಕೆ ಇಳಿಯಿತು. ಫಲಕದ ಮೇಲಿನ ಓಮ್ ಒಂದು ಹೆಸರು ಮಾತ್ರ, ಅಂತಾರಾಷ್ಟ್ರೀಯ ಮಾನಕವೇ ಅದರ ಶೇಕಡಾ 80ರ ತನಕ ಇಳಿಯಲು ಅವಕಾಶ ಕೊಡುತ್ತದೆ, ಹಾಗಾಗಿ 8 ಓಮ್ ಎಂಬ ಬಾಕ್ಸ್ 6.4ಕ್ಕೆ ಇಳಿದರೆ ಅದು ದೋಷವಲ್ಲ ಎಂಬುದನ್ನು ನಾನು ಕಲಿತದ್ದು ಅಲ್ಲಿ. ಆಂಪ್ಲಿಫೈಯರ್ ಎದುರಿಸಬೇಕಾದದ್ದು ಹೆಸರನ್ನಲ್ಲ, ಈ ತಗ್ಗನ್ನು. ಭಾಗವತರ ಮಂದ್ರ, ಮದ್ದಳೆಯ ಗಂಭೀರ ನಾದ, ಚೆಂಡೆಯ ಪೆಟ್ಟಿನ ಬುಡ ಎಲ್ಲವೂ ಅದೇ ತಗ್ಗಿನ ಅಕ್ಕಪಕ್ಕದಲ್ಲಿ ಬೀಳುತ್ತವೆ ಎಂಬುದನ್ನು ಅವರು ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದರು.

ಬ್ರಿಡ್ಜ್ ಎಂದರೇನೆಂದು ಅವರು ವಿವರಿಸಿದ ಬಗೆ ನಮ್ಮ ತಂಡದಲ್ಲಿ ಈಗ ಎಲ್ಲರ ಬಾಯಲ್ಲಿದೆ. ಸಾಮಾನ್ಯ ಜೋಡಣೆಯಲ್ಲಿ ಸ್ಪೀಕರಿನ ಒಂದು ತುದಿ ನೆಲಕ್ಕೆ, ಅಂದರೆ ಯಂತ್ರದ ಗ್ರೌಂಡ್‌ಗೆ, ಕಟ್ಟಿರುತ್ತದೆ, ಚಾನಲ್ ಇನ್ನೊಂದು ತುದಿಯನ್ನು ಎಳೆಯುತ್ತದೆ. ಬ್ರಿಡ್ಜ್ ಜೋಡಣೆ ಸಮುದ್ರ ಮಥನದ ವಾಸುಕಿಯಂತೆ. ಒಂದು ತುದಿ ದೇವತೆಗಳ ಕೈಯಲ್ಲಿ, ಇನ್ನೊಂದು ಅಸುರರ ಕೈಯಲ್ಲಿ, ಒಬ್ಬರು ಎಳೆಯುವಾಗ ಇನ್ನೊಬ್ಬರು ಬಿಡುತ್ತಾರೆ. ಎರಡೂ ಚಾನಲ್‌ಗಳಿಗೆ ಒಂದೇ ಸಂಕೇತ ಹೋಗಿ, ಒಂದರಲ್ಲಿ ಅದು ತಲೆಕೆಳಗಾಗುವುದರಿಂದ, ನಡುವಿನ ಸ್ಪೀಕರ್‌ಗೆ ಎರಡು ಪಟ್ಟು ವೋಲ್ಟೇಜ್ ಸಿಗುತ್ತದೆ. ವೋಲ್ಟೇಜ್ ಎರಡು ಪಟ್ಟಾದಾಗ ಅದೇ ಸ್ಪೀಕರಿನಲ್ಲಿ ಕರೆಂಟೂ ಎರಡು ಪಟ್ಟಾಗುತ್ತದೆ, ಆದ್ದರಿಂದ ಲೆಕ್ಕದಲ್ಲಿ ಶಕ್ತಿ ನಾಲ್ಕು ಪಟ್ಟು. ಆದರೆ ಆ ಇಮ್ಮಡಿ ಕರೆಂಟನ್ನು ಹೊರಬೇಕಾದವರು ಅದೇ ಇಬ್ಬರು. ಪ್ರತಿ ಚಾನಲ್‌ಗೂ ತನ್ನ ಮುಂದಿರುವ ಸ್ಪೀಕರ್ ಅರ್ಧದಷ್ಟೇ ಓಮ್‌ನದೆಂಬಂತೆ ಕಾಣುತ್ತದೆ.

ನಮ್ಮ ಲೆಕ್ಕವನ್ನು ಅವರು ಪೆನ್ಸಿಲ್‌ನಿಂದ ಬರೆದು ತೋರಿಸಿದರು. 8 ಓಮ್‌ನಲ್ಲಿ 200 ವಾಟ್ ಎಂದರೆ 40 ವೋಲ್ಟ್. ಬ್ರಿಡ್ಜ್‌ನಲ್ಲಿ ಅದು 80 ವೋಲ್ಟ್. ಒಂದೇ 8 ಓಮ್ ಬಾಕ್ಸ್ ಇದ್ದರೆ 10 ಆಂಪಿಯರ್, ಅದನ್ನು ಯಂತ್ರ ತಾಳುತ್ತದೆ, ಫಲಕವೂ ಒಪ್ಪುತ್ತದೆ. ಎರಡು 8 ಓಮ್ ಬಾಕ್ಸ್‌ಗಳನ್ನು ಪ್ಯಾರಲಲ್ ಮಾಡಿದರೆ 4 ಓಮ್, ಅಂದರೆ ಪ್ರತಿ ಚಾನಲ್‌ಗೆ 2 ಓಮ್, ಕರೆಂಟ್ 20 ಆಂಪಿಯರ್, ಅದರ ಶಿಖರ 28. ಫಲಕ ನಿಷೇಧಿಸಿದ ಜಾಗಕ್ಕೆ ನಾವು ಅಲ್ಲಿಯೇ ಕಾಲಿಟ್ಟಿದ್ದೆವು. ಒಂದು ಬಾಕ್ಸ್ ನಿಜಕ್ಕೂ 4 ಓಮ್‌ನದಾದ್ದರಿಂದ ಒಟ್ಟು ಲೋಡ್ 2.67 ಓಮ್, ಪ್ರತಿ ಚಾನಲ್‌ಗೆ 1.33 ಓಮ್. ಮೆಲುಧ್ವನಿಯಲ್ಲಿ ವೋಲ್ಟೇಜೇ ಕಡಿಮೆಯಿರುವುದರಿಂದ ಕರೆಂಟ್ ಸಣ್ಣದು, ಎಲ್ಲವೂ ಸರಿಯೆನಿಸುತ್ತದೆ. ಸಂಜೆಯ ಪರೀಕ್ಷೆ ನಮ್ಮನ್ನು ಮೋಸಗೊಳಿಸಿದ್ದು ಹೀಗೆ. ಚೆಂಡೆಯ ಪೆಟ್ಟು ಮಾತಿನ ಮಟ್ಟಕ್ಕಿಂತ ಹಲವು ಪಟ್ಟು ಎತ್ತರಕ್ಕೆ ಒಂದೇ ಕ್ಷಣದಲ್ಲಿ ಜಿಗಿಯುತ್ತದೆ, ರಕ್ಷಣಾ ಸರ್ಕ್ಯೂಟ್ ಆ ಕ್ಷಣದ ಕರೆಂಟನ್ನು ಕಂಡು ರಿಲೇ ಬಿಡಿಸುತ್ತದೆ. ಪ್ರದರ್ಶನದಲ್ಲಿ ಅದು ತಪ್ಪಾಗಿ ವರ್ತಿಸುತ್ತಿದೆಯೆಂದು ನಾವು ಭಾವಿಸಿದ್ದೆವು. ಅದು ತನ್ನ ಕೆಲಸವನ್ನೇ ಮಾಡುತ್ತಿತ್ತು.

ಇನ್ನೊಂದು ಲೆಕ್ಕ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿತು. ಅದೇ ಎರಡು 8 ಓಮ್ ಬಾಕ್ಸ್‌ಗಳನ್ನು ಬ್ರಿಡ್ಜ್‌ಗೆ ಸುರಕ್ಷಿತವಾಗಿ ಜೋಡಿಸಬೇಕಾದರೆ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು, ಕೂಡಿಸಬೇಕು, ಆಗ ಒಟ್ಟು 16 ಓಮ್. 80 ವೋಲ್ಟ್‌ಗೆ 16 ಓಮ್ ಎಂದರೆ 400 ವಾಟ್, ಬಾಕ್ಸ್‌ಗೆ 200. ಬ್ರಿಡ್ಜ್ ಮಾಡದೆ ಒಂದೊಂದು ಚಾನಲ್‌ಗೆ ಒಂದೊಂದು ಬಾಕ್ಸ್ ಹಾಕಿದರೂ ಬಾಕ್ಸ್‌ಗೆ ಸಿಗುವುದು ಅದೇ 200 ವಾಟ್. ಎರಡು ಬಾಕ್ಸ್‌ಗಳಿರುವವರಿಗೆ ನಿಯಮದೊಳಗೆ ಬ್ರಿಡ್ಜ್‌ನಿಂದ ಒಂದು ವಾಟ್ ಕೂಡ ಲಾಭವಿಲ್ಲ. ಲಾಭವಿರುವುದು ಒಂದೇ ದೊಡ್ಡ ಬಾಕ್ಸನ್ನು, ಉದಾಹರಣೆಗೆ ಒಂದು 8 ಓಮ್ ಸಬ್‌ವೂಫರನ್ನು, ಓಡಿಸಬೇಕಾದವರಿಗೆ. ನಾಲ್ಕು ಪಟ್ಟು ಶಕ್ತಿಯೆಂದರೂ ಕಿವಿಗೆ 6 ಡೆಸಿಬೆಲ್ ಮಾತ್ರ, ಧ್ವನಿ ಎರಡರಷ್ಟು ಎನಿಸಲು ಸುಮಾರು 10 ಡೆಸಿಬೆಲ್ ಬೇಕು. ಇಷ್ಟನ್ನು ಯಾರಾದರೂ ಮೊದಲೇ ಕೂರಿಸಿಕೊಂಡು ಹೇಳಿದ್ದರೆ ಆ ರಾತ್ರಿಯ ಆಟ ಉಳಿಯುತ್ತಿತ್ತು.

ನಂತರ ಯಂತ್ರದ ಮುಚ್ಚಳ ತೆರೆಯಿತು. ಅವರು ಅದನ್ನು ನೇರ ಪ್ಲಗ್ಗಿಗೆ ಹಾಕದೆ ಸೀರೀಸ್ ಬಲ್ಬಿನ ಬೋರ್ಡ್ ಮೂಲಕ ಹಾಕಿದರು. ಯಂತ್ರ ಸರಿಯಿದ್ದರೆ ಬಲ್ಬು ಒಮ್ಮೆ ಹೊಳೆದು ಮಂಕಾಗಬೇಕು. ಅದು ಪೂರ್ತಿ ಉರಿದೇ ನಿಂತಿದ್ದರಿಂದ ಒಳಗೆ ಶಾರ್ಟ್ ಇದೆಯೆಂದು ತಿಳಿಯಿತು, ಬಲ್ಬು ಅಡ್ಡವಿದ್ದುದರಿಂದ ಮತ್ತೇನೂ ಸುಡಲಿಲ್ಲ. ಸತ್ತ ಚಾನಲ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಬಿಚ್ಚಿ, ಒಂದನ್ನು ಇಕ್ಕಳದಿಂದ ಒಡೆದು, ಒಳಗಿನ ಸಿಲಿಕಾನ್ ತುಣುಕನ್ನು ಭೂತಗನ್ನಡಿಯಲ್ಲಿ ನನಗೆ ತೋರಿಸಿದರು. ದುರಸ್ತಿಗಾರರು 5200 ಮತ್ತು 1943 ಎಂದು ಚುಟುಕಾಗಿ ಕರೆಯುವ ಈ ಜೋಡಿ 230 ವೋಲ್ಟ್, 15 ಆಂಪಿಯರ್ ತಾಳುವಂಥದು. ಬಹಳ ಬಳಕೆಯಲ್ಲಿರುವುದರಿಂದಲೇ ಅದರ ನಕಲಿಗಳು ಎಲ್ಲೆಡೆ ಹರಡಿಕೊಂಡಿವೆ. ಅಸಲಿಯೊಂದನ್ನು ಪಕ್ಕದಲ್ಲಿ ಒಡೆದು ಇಟ್ಟಾಗ, ನಮ್ಮ ಯಂತ್ರದಲ್ಲಿದ್ದುದರ ಸಿಲಿಕಾನ್ ಅದರ ಕಾಲುಭಾಗವೂ ಇರಲಿಲ್ಲ. ಹೊರಗಿನ ಅಚ್ಚು ಮಾತ್ರ ಎರಡರಲ್ಲೂ ಒಂದೇ. ಪ್ರತಿ ಚಾನಲ್‌ನಲ್ಲಿ ಎರಡು ಜೋಡಿಗಳಿದ್ದು, 28 ಆಂಪಿಯರ್ ಶಿಖರವನ್ನು ಹಂಚಿಕೊಂಡರೆ ಒಂದೊಂದಕ್ಕೆ 14 ಬರುತ್ತದೆ. ಅಸಲಿಗೇ ಅದು ಕತ್ತಿಯ ಅಲಗಿನ ಮೇಲಿನ ನಡಿಗೆ, ಬಿಸಿಯಾದ ಹೀಟ್‌ಸಿಂಕ್ ಮೇಲೆ ನಕಲಿ ತಾಳುವ ಮಾತೇ ಇಲ್ಲ.

ಅದಕ್ಕಿಂತ ಸೂಕ್ಷ್ಮವಾದ ದೋಷ ಬದುಕಿದ್ದ ಚಾನಲ್‌ನಲ್ಲಿ ಸಿಕ್ಕಿತು. ಟ್ರಾನ್ಸಿಸ್ಟರ್ ಜೋಡಿಗಳು ಕರೆಂಟನ್ನು ಸಮವಾಗಿ ಹಂಚಿಕೊಳ್ಳಲೆಂದು ಇಟ್ಟಿರುವ 0.22 ಓಮ್‌ನ ಎಮಿಟರ್ ರೆಸಿಸ್ಟರ್‌ಗಳಲ್ಲಿ ಒಂದು ಹೊರನೋಟಕ್ಕೆ ಸರಿಯಾಗಿದ್ದರೂ ಒಳಗೆ ಕಡಿದುಹೋಗಿತ್ತು. ಆ ಕಾರಣ ಅದರ ಟ್ರಾನ್ಸಿಸ್ಟರ್ ನಿರುಪಯೋಗಿಯಾಗಿ ನಿಂತು, ಜೊತೆಯದು ಒಂದೇ ಇಡೀ ಭಾರ ಹೊರುತ್ತಿತ್ತು. ಮೆಲುಧ್ವನಿಯಲ್ಲಿ ಇದರ ಸುಳಿವೇ ಸಿಗುವುದಿಲ್ಲ. ಸುಟ್ಟ ಭಾಗವನ್ನು ಮಾತ್ರ ಬದಲಿಸಿ ಬೆಸುಗೆ ಹಾಕಿ ಕೊಟ್ಟರೆ ಯಂತ್ರ ಹಾಡುತ್ತದೆ, ಮುಂದಿನ ಪ್ರದರ್ಶನದಲ್ಲಿ ಮತ್ತೆ ಸಾಯುತ್ತದೆ. ನಮ್ಮ ಎರಡನೆಯ ದುರಸ್ತಿ ಹೋದದ್ದು ಇದೇ ದಾರಿಯಲ್ಲಿ ಎಂದು ನನಗೆ ಈಗ ಅನ್ನಿಸುತ್ತದೆ. ಯಜಮಾನರು ಎಲ್ಲ ಎಂಟು ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಒಂದೇ ಕಂತಿನ ಅಸಲಿಗಳಿಂದ ಬದಲಿಸಿ, ಎಂಟು ಎಮಿಟರ್ ರೆಸಿಸ್ಟರ್‌ಗಳನ್ನೂ ಹೊಸದು ಹಾಕಿ, ಹರಿದಿದ್ದ ಮೈಕಾ ಹಾಳೆಗಳನ್ನು ಎಸೆದು, ಹೊಸ ಗ್ರೀಸ್ ಹಚ್ಚಿದರು. ರಿಲೇಯ ಸಂಪರ್ಕಗಳು ಪದೇ ಪದೇ ಭಾರೀ ಕರೆಂಟನ್ನು ಕಡಿದು ಕಪ್ಪಾಗಿ ಕುಳಿಬಿದ್ದಿದ್ದವು, ಅದನ್ನು ಉಜ್ಜುವ ಗೋಜಿಗೆ ಹೋಗದೆ ಬದಲಿಸಿದರು.

ಔಟ್‌ಪುಟ್‌ನ ನೇರ ವೋಲ್ಟೇಜ್ ಅಳೆಯುವಾಗ ಅವರು ತೋರಿದ ತಾಳ್ಮೆ ನನಗೆ ಬಹಳ ಹಿಡಿಸಿತು. ಸಂಕೇತವಿಲ್ಲದಿರುವಾಗ ಪ್ರತಿ ಚಾನಲ್‌ನಲ್ಲಿ ಅದು ಕೆಲವು ಹತ್ತು ಮಿಲಿವೋಲ್ಟ್ ಮೀರಬಾರದು. ನಮ್ಮ ಒಂದು ಚಾನಲ್ 14 ಮಿಲಿವೋಲ್ಟ್, ಇನ್ನೊಂದು, ಹೊಸ ಟ್ರಾನ್ಸಿಸ್ಟರ್‌ಗಳನ್ನು ಹಾಕಿದ ಮೇಲೂ, 420 ಮಿಲಿವೋಲ್ಟ್ ತೋರಿಸುತ್ತಿತ್ತು. ರಕ್ಷಣಾ ರಿಲೇಯನ್ನು ಎಚ್ಚರಿಸಲು ಅದು ಸಾಲದು. ಆದರೆ ಬ್ರಿಡ್ಜ್‌ನಲ್ಲಿ ಎರಡು ಚಾನಲ್‌ಗಳ ವ್ಯತ್ಯಾಸವೇ ಸ್ಪೀಕರ್ ಮೇಲೆ ಬೀಳುವುದರಿಂದ, ಮೌನದಲ್ಲಿಯೂ ನಮ್ಮ ಬಾಕ್ಸ್‌ಗಳಲ್ಲಿ 0.2 ಆಂಪಿಯರ್‌ನಷ್ಟು ಕರೆಂಟ್ ಹರಿದು ಕೋನ್ ಒಂದು ಬದಿಗೆ ತಳ್ಳಿಕೊಂಡಿರುತ್ತಿತ್ತು. ಹಿಂದಿನ ದುರಸ್ತಿಯಲ್ಲಿ ಇನ್‌ಪುಟ್ ಹಂತದ ಜೋಡಿ ಟ್ರಾನ್ಸಿಸ್ಟರ್‌ಗಳಲ್ಲಿ ಒಂದನ್ನು ಮಾತ್ರ ಬೇರೆ ಜಾತಿಯದಕ್ಕೆ ಬದಲಿಸಿದ್ದರಿಂದ ಹೀಗಾಗಿತ್ತು. ಎರಡನ್ನೂ ಹೊಂದಿಸಿ ಹಾಕಿದ ಮೇಲೆ ಅದು 11 ಮಿಲಿವೋಲ್ಟ್‌ಗೆ ಇಳಿಯಿತು. ಯಂತ್ರ ಅರ್ಧ ಗಂಟೆ ಬಿಸಿಯಾದ ಮೇಲೆ ಮತ್ತೊಮ್ಮೆ ಅಳೆದು, ವಿಶ್ರಾಂತ ಕರೆಂಟನ್ನು (ಸಂಕೇತವಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಹರಿಯುವ ಸಣ್ಣ ಕರೆಂಟ್) ಆಗಲೇ ಹೊಂದಿಸಿದರು.

ಆಸಿಲೋಸ್ಕೋಪ್ ಬಳಸುವ ಹವ್ಯಾಸಿಗಳು ಇಲ್ಲಿ ಒಂದು ಎಚ್ಚರಿಕೆ ಗಮನಿಸಬೇಕು. ಸ್ಕೋಪಿನ ಪ್ರೋಬಿನಲ್ಲಿರುವ ಗ್ರೌಂಡ್ ಕ್ಲಿಪ್ ಮೂರನೆಯ ಪಿನ್ನಿನ ಮೂಲಕ ಭೂಮಿಗೆ ಸೇರಿರುತ್ತದೆ. ಸ್ಪೀಕರಿನ ಕಪ್ಪು ತುದಿ ಗ್ರೌಂಡ್ ಎಂಬ ರೂಢಿಯಿಂದ ಅದನ್ನು ಬ್ರಿಡ್ಜ್ ಔಟ್‌ಪುಟ್‌ನ ಒಂದು ತುದಿಗೆ ಕಚ್ಚಿಸಿದರೆ ಒಂದು ಚಾನಲ್ ನೇರವಾಗಿ ನೆಲಕ್ಕೆ ಶಾರ್ಟ್ ಆಗುತ್ತದೆ. ಬ್ರಿಡ್ಜ್‌ನಲ್ಲಿ ಎರಡೂ ತುದಿಗಳು ಜೀವಂತ. ಯಜಮಾನರು ಕ್ಲಿಪ್ಪನ್ನು ಯಂತ್ರದ ಚಾಸಿಗೆ ಹಾಕಿ, ಎರಡು ಪ್ರೋಬುಗಳನ್ನು ಎರಡು ಚಾನಲ್‌ಗಳಿಗೆ ಬೇರೆ ಬೇರೆಯಾಗಿ ಹಿಡಿದು, ಪರದೆಯ ಮೇಲೆ ಎರಡರ ವ್ಯತ್ಯಾಸವನ್ನು ನೋಡುತ್ತಾರೆ. ಎರಡು ಅಲೆಗಳೂ ಒಂದೇ ಎತ್ತರದವಾಗಿ, ಒಂದು ಇನ್ನೊಂದರ ಕನ್ನಡಿಬಿಂಬದಂತೆ ಕಾಣಬೇಕು. ಒಂದು ತಗ್ಗಾದರೆ ಇನ್ನೊಂದರ ಅಲೆಯ ತುದಿ ಬೇಗ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಬ್ಯಾಟರಿಯ ಮಲ್ಟಿಮೀಟರಿಗೆ ಈ ಅಪಾಯವಿಲ್ಲ.

ತಂತಿಯ ವಿಷಯದಲ್ಲಿ ಅವರ ತೀರ್ಪು ಚಿಕ್ಕದಾಗಿತ್ತು. ನಮ್ಮ 20 ಮೀಟರಿನ ತಂತಿ 1 ಚದರ ಮಿಲಿಮೀಟರಿನದು, ಹೋಗಿ ಬರುವ ದಾರಿಯ ರೋಧ ಸುಮಾರು 0.7 ಓಮ್. 4 ಓಮ್ ಲೋಡ್‌ಗೆ ಅದರಲ್ಲಿ ಶಕ್ತಿಯ ಶೇಕಡಾ 15ರಷ್ಟು ತಂತಿಯನ್ನೇ ಬಿಸಿ ಮಾಡುತ್ತದೆ. "ತಂತಿ ದಪ್ಪ ಇದ್ದಿದ್ದರೆ ನಿಮ್ಮ ಯಂತ್ರ ಮೊದಲ ಪದಕ್ಕೇ ಹೋಗುತ್ತಿತ್ತು" ಎಂದ ಅವರ ಮಾತು ಗಂಭೀರವಾದದ್ದು, ಏಕೆಂದರೆ ಆ 0.7 ಓಮ್ ಲೋಡ್‌ಗೆ ಸೇರಿಕೊಂಡೇ ಯಂತ್ರ ಅಷ್ಟು ಹೊತ್ತು ಉಳಿದಿತ್ತು. 2.5 ಚದರ ಮಿಲಿಮೀಟರಿನ ತಂತಿಗೆ ಬದಲಿಸಿದ್ದೇವೆ. ಸ್ಪೀಕರ್ ತಂತಿಯ ತುದಿಯ ಸ್ಪೀಕಾನ್ ಕನೆಕ್ಟರುಗಳನ್ನೂ ಅವರು ಬಿಚ್ಚಿ ನೋಡಿ, ಬ್ರಿಡ್ಜ್‌ಗೆಂದು ಒಂದು ಪ್ಲಸ್ ಮತ್ತು ಎರಡು ಪ್ಲಸ್ ಪಿನ್ನುಗಳಿಗೆ ಕಟ್ಟಿದ್ದ ತಂತಿಗೆ ಕೆಂಪು ಪಟ್ಟಿ ಸುತ್ತಿದರು, ಅದು ಸಾಮಾನ್ಯ ತಂತಿಗಳ ನಡುವೆ ಬೆರೆಯದಿರಲೆಂದು.

ಕೊನೆಯ ಪರೀಕ್ಷೆ ನಾನೇ ಕುಳಿತು ನೋಡಿದ್ದು. ಅಲ್ಯೂಮಿನಿಯಂ ಹಲಗೆಗೆ ಬಿಗಿದ, ಫ್ಯಾನ್ ಗಾಳಿ ಬೀಸುವ ದೊಡ್ಡ ರೆಸಿಸ್ಟರ್‌ಗಳನ್ನು ಲೋಡ್ ಮಾಡಿಕೊಂಡು, ಮೊದಲು ಒಂದೊಂದೇ ಚಾನಲ್ 8 ಓಮ್‌ನಲ್ಲಿ, ಆಮೇಲೆ 4 ಓಮ್‌ನಲ್ಲಿ, ಎಲ್ಲಕ್ಕೂ ಕೊನೆಗೆ ಬ್ರಿಡ್ಜ್‌ನಲ್ಲಿ 8 ಓಮ್ ಮೇಲೆ, ಒಂದು ಗಂಟೆ ಓಡಿಸಿದರು. ಅದಕ್ಕಿಂತ ಕೆಳಗಿನ ಲೋಡ್ ಹಾಕಿ ನೋಡಿರೆಂದು ನಾನು ಕೇಳಿದಾಗ ಒಪ್ಪಲಿಲ್ಲ. ತಯಾರಕರು ಬೇಡವೆಂದು ಬರೆದದ್ದನ್ನು ಪರೀಕ್ಷೆಯ ಹೆಸರಿನಲ್ಲಿಯೂ ಮಾಡುವುದಿಲ್ಲ ಎಂಬುದು ಅವರ ನಿಲುವು, ಅದು ಸರಿಯೆಂದೇ ನನ್ನ ಅಭಿಪ್ರಾಯ. ಯಂತ್ರದ ಮುಚ್ಚಳದ ಮೇಲೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ ಕೊಟ್ಟರು: ಬ್ರಿಡ್ಜ್‌ಗೆ ಒಂದೇ ಬಾಕ್ಸ್, 8 ಓಮ್. ಧ್ವನಿ ಸಾಲದೆನಿಸಿದರೆ ಬಾಕ್ಸ್‌ಗಳನ್ನು ಸ್ಟ್ಯಾಂಡ್ ಮೇಲೇರಿಸಿ ಪ್ರೇಕ್ಷಕರ ತಲೆಯ ಮೇಲಿನಿಂದ ಹಿಂದಿನ ಸಾಲಿಗೆ ಮುಖಮಾಡಿರೆಂದು ಹೇಳಿದ್ದರು. 4 ಓಮ್ ಡ್ರೈವರನ್ನು ತೆಗೆದು 8 ಓಮ್‌ನದನ್ನು ಹಾಕಿಸಿ, ಒಂದೊಂದು ಚಾನಲ್‌ಗೆ ಒಂದೊಂದು ಬಾಕ್ಸ್ ಜೋಡಿಸಿ, ಹಾಗೆಯೇ ಮಾಡಿದ್ದೇವೆ. ಆ ಮೇಲೆ ಮೂರು ಪ್ರದರ್ಶನಗಳು ಆಗಿವೆ, ಕೆಂಪು ದೀಪ ಒಮ್ಮೆಯೂ ಹೊತ್ತಿಲ್ಲ, ಹಿಂದೆ ಕುಳಿತ ಹಿರಿಯರಿಗೆ ಅರ್ಥಗಾರಿಕೆ ಮೊದಲಿಗಿಂತ ಚೆನ್ನಾಗಿ ಕೇಳಿಸಿದೆ.

ಖರ್ಚು ಬಿಡಿಭಾಗಗಳಿಗೆ 2,100 ರೂಪಾಯಿ, ಕೂಲಿ 2,500, ಡ್ರೈವರ್‌ನ ಬೆಲೆ ಬೇರೆ. ತಪಾಸಣೆಗೆ ಮೊದಲೇ ಪಡೆದ 500 ರೂಪಾಯಿಯನ್ನು ಕೂಲಿಯಲ್ಲಿ ವಜಾ ಮಾಡಿದರು. ಬದಲಿಸಿದ ಪ್ರತಿ ಹಳೆಯ ಭಾಗವನ್ನೂ ಚೀಲದಲ್ಲಿ ಹಾಕಿ ಹಿಂದಿರುಗಿಸಿದರು.

ಕೊರತೆಗಳನ್ನೂ ಹೇಳಬೇಕು. ಒಟ್ಟು ಹದಿನಾರು ದಿನ ಹಿಡಿಯಿತು. ಪ್ರದರ್ಶನ ವಾರದೊಳಗಿರುವವರಿಗೆ ಈ ಅಂಗಡಿಯಿಂದ ಪ್ರಯೋಜನವಿಲ್ಲ. ಫೋನ್ ಎತ್ತುವುದು ಅಪರೂಪ, ಕೆಲಸ ಎಲ್ಲಿಗೆ ಬಂತೆಂದು ತಿಳಿಯಲು ನಾನು ಎರಡು ಬಾರಿ ಸುಮ್ಮನೆ ಹೋಗಿ ಬರಬೇಕಾಯಿತು. ದೊಡ್ಡ ಬಾಕ್ಸ್‌ಗಳನ್ನು ಎರಡು ಮಹಡಿ ಹೊರಲು ಇಬ್ಬರು ಬೇಕು, ಹಮಾಲರ ಕೂಲಿ ನಮ್ಮದೇ. ದಪ್ಪ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಮಾದರಿಯ ಯಂತ್ರಗಳನ್ನು ಮಾತ್ರ ಅವರು ತೆಗೆದುಕೊಳ್ಳುತ್ತಾರೆ. ಕ್ಲಾಸ್ ಡಿ (ಸ್ವಿಚಿಂಗ್ ಬಗೆಯ) ಬೋರ್ಡುಗಳ, ದಪ್ಪ ಟ್ರಾನ್ಸ್‌ಫಾರ್ಮರ್ ಬದಲು ಎಸ್‌ಎಂಪಿಎಸ್ ಎಂಬ ಸ್ವಿಚಿಂಗ್ ವಿದ್ಯುತ್ ಘಟಕ ಇರುವ ಹಗುರ ಆಂಪ್ಲಿಫೈಯರ್‌ಗಳಾದರೆ, ತಮ್ಮ ಕೈಯಲ್ಲಿ ಅದಕ್ಕೆ ತಕ್ಕ ಉಪಕರಣವಿಲ್ಲವೆಂದು ಬಾಗಿಲಲ್ಲೇ ಹೇಳಿ ಕಳಿಸುತ್ತಾರೆ. ಮೇ ಕೊನೆಯಲ್ಲಿ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಊರಿನ ಮೇಳಗಳ ಕಲಾವಿದರು ಮುಂಬಯಿಗೆ ಬರುವ ಮಳೆಗಾಲದಿಂದ ನವರಾತ್ರಿಯ ತನಕ ಅವರ ಮೇಜಿನ ಮೇಲೆ ಜಾಗವೇ ಇರುವುದಿಲ್ಲ, ಆದ್ದರಿಂದ ಅದಕ್ಕೆ ಮೊದಲೇ ಹೋಗುವುದು ಒಳ್ಳೆಯದು.

ಹೋಗುವ ಮುನ್ನ ಮನೆಯಲ್ಲಿಯೇ ಮಾಡಬಹುದಾದ ಕೆಲಸವೊಂದಿದೆ. ಬಾಕ್ಸ್‌ಗಳನ್ನು ಆಂಪ್ಲಿಫೈಯರ್‌ನಿಂದ ಕಳಚಿ, ಒಂದೊಂದರ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆದು, ಆಮೇಲೆ ತಂತಿಯ ಇನ್ನೊಂದು ತುದಿಯಿಂದ ಎಲ್ಲವನ್ನೂ ಕೂಡಿಸಿ ಅಳೆದು ಬರೆದುಕೊಳ್ಳಿ. ಹಿಂಬದಿಯ ಗುಂಡಿ ಸ್ಟೀರಿಯೋ, ಪ್ಯಾರಲಲ್ (ಎರಡೂ ಚಾನಲ್‌ಗಳಿಗೆ ಒಂದೇ ಸಂಕೇತ), ಬ್ರಿಡ್ಜ್ ಇವುಗಳಲ್ಲಿ ಯಾವುದರ ಮೇಲಿದೆಯೆಂದು ನೋಡಿ, ಏಕೆಂದರೆ ತಂತಿ ಬ್ರಿಡ್ಜ್‌ಗೆ ಕಟ್ಟಿ ಗುಂಡಿ ಪ್ಯಾರಲಲ್‌ನಲ್ಲಿ ಉಳಿದಿದ್ದರೆ ಎರಡೂ ತುದಿಗಳಲ್ಲಿ ಒಂದೇ ವೋಲ್ಟೇಜ್ ಇದ್ದು ಧ್ವನಿ ಬಹುಮಟ್ಟಿಗೆ ಬರುವುದೇ ಇಲ್ಲ. ಗುಂಡಿ ಬ್ರಿಡ್ಜ್‌ನಲ್ಲಿದ್ದು ಬಾಕ್ಸ್‌ಗಳು ಸ್ಟೀರಿಯೋದಂತೆ ಜೋಡಿಸಿದ್ದರೆ ಎರಡು ಬಾಕ್ಸ್‌ಗಳು ಪರಸ್ಪರ ವಿರುದ್ಧ ದಿಕ್ಕಿಗೆ ಓಡಿ ಕೆಳಸ್ವರ ಕಳೆದುಹೋಗುತ್ತದೆ. ಇವೆರಡೂ ದುರಸ್ತಿಯ ಕೆಲಸಗಳೇ ಅಲ್ಲ. ಅಂಥ ಯಂತ್ರ ತಂದವರಿಂದ ಯಜಮಾನರು ತಪಾಸಣೆಯ ಹಣವನ್ನೂ ತೆಗೆದುಕೊಳ್ಳದೆ ಕಳಿಸಿದ್ದನ್ನು ನಾನು ಅಲ್ಲಿಯೇ ಕುಳಿತು ನೋಡಿದ್ದೇನೆ. ನಮ್ಮ ತಂಡದ ಮಾನಿಟರ್ ಸ್ಪೀಕರ್‌ಗಳನ್ನು ಓಡಿಸುವ ಚಿಕ್ಕ ಆಂಪ್ಲಿಫೈಯರ್‌ನ ಒಂದು ಚಾನಲ್ ಇತ್ತೀಚೆಗೆ ಮೆಲುಧ್ವನಿಯಲ್ಲಿ ಕರಕರ ಎನ್ನತೊಡಗಿದೆ. ಅದು ರಿಲೇಯ ಸಂಪರ್ಕವೇ ಇರಬಹುದೆಂದು ನನ್ನ ಊಹೆ. ಮುಂದಿನ ಶನಿವಾರ ಅದನ್ನು ಒಯ್ಯಲಿದ್ದೇನೆ, ಸ್ಪೀಕರ್‌ಗಳನ್ನೂ ತಂತಿಯನ್ನೂ ಜೊತೆಗಿಟ್ಟುಕೊಂಡು.